ಕತ್ತರಿ ಹಿಡಿಯುವ ಮುನ್ನದ ಮಾತುಕತೆ: ಬಾಯಿ ಶಸ್ತ್ರಚಿಕಿತ್ಸಕರ ಮೊದಲ ಭೇಟಿಯಲ್ಲಿ ಏನೇನು ನಡೆಯುತ್ತದೆ

ಹಲ್ಲಿನ ವೈದ್ಯರು ಎಕ್ಸ್‌ರೇಯನ್ನು ಎರಡೆರಡು ಸಲ ನೋಡಿ, 'ಇದನ್ನು ಒಮ್ಮೆ ಸರ್ಜನ್‌ಗೆ ತೋರಿಸಿಬಿಡಿ' ಎಂದು ಚೀಟಿ ಬರೆದುಕೊಟ್ಟರೆ ಸಾಕು, ಗಟ್ಟಿಗರ ಎದೆಯೂ ಧಸಕ್ಕೆನ್ನುತ್ತದೆ. ಹೋದ ದಿನವೇ ಕುಯ್ದುಬಿಡುತ್ತಾರೆ ಎಂಬುದು ಮೊದಲ ಭಯ. ಕೀವು ತುಂಬಿ ಮುಖ ಊದಿಕೊಂಡಿರುವಂಥ ತುರ್ತು ಸಂದರ್ಭಗಳನ್ನು ಬಿಟ್ಟರೆ, ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಯಾರೂ ಕತ್ತರಿ ಮುಟ್ಟುವುದಿಲ್ಲ. ಒಂದಿಷ್ಟು ಮಾತು, ತಪಾಸಣೆ, ಚಿತ್ರ, ಮತ್ತೆ ಮಾತು. ಹೊರಬರುವಾಗ 'ಏನೂ ಮಾಡಲೇ ಇಲ್ಲ, ಬರೀ ಪ್ರಶ್ನೆ ಕೇಳಿದರು' ಎಂದು ಗೊಣಗುವವರೂ ಇದ್ದಾರೆ. ನನ್ನನ್ನು ಕೇಳಿದರೆ ಆ ಪ್ರಶ್ನೆಗಳಲ್ಲೇ ಶಸ್ತ್ರಚಿಕಿತ್ಸೆಯ ಅರ್ಧ ಮುಗಿದಿರುತ್ತದೆ. ಮುಂದೆ ಎದುರಾಗಬಹುದಾದ ತೊಂದರೆಗಳಲ್ಲಿ ಬಹಳಷ್ಟನ್ನು ಕುರ್ಚಿ ಹಿಂದಕ್ಕೆ ಬಾಗುವ ಮೊದಲೇ, ಮೇಜಿನೆದುರು ಕೂತು ಮಾತಾಡುವಾಗಲೇ ಹಿಡಿದುಬಿಡಬಹುದು.

ಈ ವೈದ್ಯರ ಬಳಿಗೆ ಬರುವವರಲ್ಲಿ ದೊಡ್ಡ ಪಾಲು ಬುದ್ಧಿಹಲ್ಲಿನವರದು. ಉಳಿದಂತೆ ಮುರಿದು ಒಳಗೇ ಉಳಿದ ಬೇರು, ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಕೂರಿಸಿ ಕೃತಕ ಹಲ್ಲು ಕಟ್ಟುವುದು), ದವಡೆ ಮೂಳೆಯೊಳಗಿನ ನೀರುಗಂಟು, ವಾಸಿಯಾಗದ ಹುಣ್ಣು, ದವಡೆ ಮುರಿತ, ಕೀಲಿನ ತೊಂದರೆ, ಮೇಲ್ದವಡೆ-ಕೆಳದವಡೆ ಒಂದಕ್ಕೊಂದು ಹೊಂದದಿರುವುದು. ಹಲ್ಲಿನ ವೈದ್ಯಕೀಯ ಓದಿದ ಮೇಲೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದವರು ಇವರು. ಕೆಲವು ದೇಶಗಳಲ್ಲಿ ಇದರ ಜೊತೆಗೆ ಸಾಮಾನ್ಯ ವೈದ್ಯ ಪದವಿಯೂ ಬೇಕು. ಹಾಗಾಗಿ ಒಂದು ಹಲ್ಲಿನ ಸಲುವಾಗಿ ಹೋದರೂ ಅವರು ಇಡೀ ದೇಹದ ಲೆಕ್ಕ ಕೇಳುತ್ತಾರೆ.

ಮಾತ್ರೆಗಳ ಪಟ್ಟಿ

ಮೊದಲು ಕೈಗೆ ಬರುವುದು ಒಂದು ಅರ್ಜಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯ, ಆಸ್ತಮಾ, ಗರ್ಭಿಣಿಯೇ, ಹಿಂದೆ ಆದ ಆಪರೇಷನ್‌ಗಳು, ತೆಗೆದುಕೊಳ್ಳುತ್ತಿರುವ ಔಷಧಿಗಳು. ಬಹಳ ಜನ ಇದನ್ನು ಸರಸರನೆ 'ಇಲ್ಲ, ಇಲ್ಲ, ಇಲ್ಲ' ಎಂದು ತುಂಬಿ ವಾಪಸು ಕೊಡುತ್ತಾರೆ. 'ಹಲ್ಲಿಗೂ ಇದಕ್ಕೂ ಏನು ಸಂಬಂಧ' ಎಂಬ ಭಾವ. ಸಂಬಂಧ ಎಷ್ಟಿದೆ ಎಂಬುದಕ್ಕೆ ಎರಡು ಬಗೆಯ ಔಷಧಿಗಳನ್ನು ನೋಡಿದರೆ ಸಾಕು.

ಒಂದು, ರಕ್ತ ತೆಳುವಾಗಿಸುವ ಮಾತ್ರೆಗಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ಈಚಿನ ಅಪಿಕ್ಸಬಾನ್, ರಿವರಾಕ್ಸಬಾನ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವನ್ನು ನುಂಗುತ್ತಿರುವವರು ಮಾಡುವ ದೊಡ್ಡ ಎಡವಟ್ಟೆಂದರೆ, 'ಹೇಗೂ ಹಲ್ಲು ಕೀಳುತ್ತಾರಲ್ಲ, ರಕ್ತ ಸುರಿಯದಿರಲಿ' ಎಂದು ಯಾರನ್ನೂ ಕೇಳದೆ ವಾರದ ಹಿಂದಿನಿಂದಲೇ ಮಾತ್ರೆ ನಿಲ್ಲಿಸಿ ಬರುವುದು. ಹಲ್ಲಿನ ಕುಳಿಯಿಂದ ಬರುವ ರಕ್ತವನ್ನು ಹತ್ತಿ ಕಚ್ಚಿಸಿ, ಹೊಲಿಗೆ ಹಾಕಿ, ಹೆಪ್ಪುಗಟ್ಟಿಸುವ ಪದಾರ್ಥ ತುಂಬಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿದ್ದರಿಂದ ಮಿದುಳಿನಲ್ಲೋ ಹೃದಯದ ಸ್ಟೆಂಟ್‌ನಲ್ಲೋ ರಕ್ತ ಹೆಪ್ಪುಗಟ್ಟಿದರೆ ಅದನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ಸಣ್ಣ ಚಿಕಿತ್ಸೆಗಳಿಗೆ ಮಾತ್ರೆ ಮುಂದುವರಿಸಿಯೇ ಹಲ್ಲು ತೆಗೆಯುವುದು ಈಗಿನ ರೂಢಿ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಚಿಕಿತ್ಸೆಗೆ ತುಸು ಮುಂಚೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ, ಅಂಕಿ ಮಿತಿಯೊಳಗಿದೆಯೇ ಎಂದು ನೋಡುತ್ತಾರೆ. ಒಂದು ಹೊತ್ತಿನ ಮಾತ್ರೆ ಬಿಡಬೇಕೋ ಬೇಡವೋ ಎಂಬುದನ್ನು ಸರ್ಜನ್ ಮತ್ತು ಆ ಮಾತ್ರೆ ಬರೆದ ವೈದ್ಯರು ಮಾತಾಡಿಕೊಂಡು ಹೇಳುತ್ತಾರೆ. ರೋಗಿ ತಾನಾಗಿ ನಿರ್ಧರಿಸುವ ವಿಷಯ ಇದಲ್ಲ.

ಎರಡನೆಯದು ಮೂಳೆ ಸವೆತದ ಔಷಧಿಗಳು. ಇವು ಪಟ್ಟಿಯಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. ಅಲೆಂಡ್ರೊನೇಟ್ ವಾರಕ್ಕೊಂದು ಮಾತ್ರೆ, ಡೆನೊಸುಮ್ಯಾಬ್ ಆರು ತಿಂಗಳಿಗೊಂದು ಚುಚ್ಚುಮದ್ದು, ಜೊಲೆಡ್ರೊನಿಕ್ ಆಮ್ಲ ವರ್ಷಕ್ಕೊಮ್ಮೆ ಹನಿಹನಿಯಾಗಿ ರಕ್ತನಾಳಕ್ಕೆ ಕೊಡುವಂಥದ್ದು. ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ 'ನಾನು ತೆಗೆದುಕೊಳ್ಳುತ್ತಿರುವ ಔಷಧಿ' ಎಂದು ಯಾರಿಗೆ ತಾನೇ ನೆನಪಾಗುತ್ತದೆ? ಆದರೆ ಇವು ಮೂಳೆ ತನ್ನನ್ನು ತಾನು ಕರಗಿಸಿ ಕಟ್ಟಿಕೊಳ್ಳುವ ಕ್ರಿಯೆಯನ್ನೇ ನಿಧಾನಗೊಳಿಸುತ್ತವೆ. ಅಪರೂಪಕ್ಕೆ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮುಚ್ಚಿಕೊಳ್ಳದೆ ತಿಂಗಳುಗಟ್ಟಲೆ ಬಯಲಾಗಿಯೇ ಉಳಿದು ಸತ್ತುಹೋಗುತ್ತದೆ. ಈ ತೊಂದರೆ ವೈದ್ಯಕೀಯ ಪತ್ರಿಕೆಗಳಲ್ಲಿ ಮೊದಲು ದಾಖಲಾದದ್ದು 2003ರಲ್ಲಿ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅಪಾಯ ಕಡಿಮೆ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಕೊಡುವ ಹೆಚ್ಚಿನ ಪ್ರಮಾಣದಲ್ಲಿ ಅದು ಗಣನೀಯ. ಅಲೆಂಡ್ರೊನೇಟ್‌ನಂಥವು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ನಿನ್ನೆ ಮೊನ್ನೆ ನಿಲ್ಲಿಸಿದರೆ ಪ್ರಯೋಜನವಿಲ್ಲ. ಡೆನೊಸುಮ್ಯಾಬ್‌ನ ಕಥೆ ಬೇರೆ. ಅದರ ಪರಿಣಾಮ ಆರು ತಿಂಗಳಲ್ಲಿ ಇಳಿಯುತ್ತದೆ, ಆದರೆ ಚುಚ್ಚುಮದ್ದನ್ನು ಮುಂದೂಡುತ್ತಾ ಹೋದರೆ ಬೆನ್ನುಮೂಳೆ ಮುರಿಯುವ ಸಂಭವವಿದೆ. ಹೀಗಾಗಿ ಹಲ್ಲು ತೆಗೆಯುವ ದಿನವನ್ನು ಚುಚ್ಚುಮದ್ದಿನ ದಿನದ ಜೊತೆ ಹೊಂದಿಸಿ ಗೊತ್ತುಮಾಡಬೇಕಾಗುತ್ತದೆ. ಕುತ್ತಿಗೆಗೋ ಮುಖಕ್ಕೋ ಹಿಂದೆಂದಾದರೂ ವಿಕಿರಣ ಚಿಕಿತ್ಸೆ ಆಗಿದ್ದರೆ, ಎಷ್ಟೇ ವರ್ಷ ಕಳೆದಿರಲಿ, ಅದನ್ನೂ ಹೇಳಬೇಕು. ಆ ಭಾಗದ ಮೂಳೆಗೆ ರಕ್ತ ಸಂಚಾರ ಮತ್ತೆ ಮೊದಲಿನಂತಾಗುವುದಿಲ್ಲ.

ಇನ್ನು ಸಣ್ಣಪುಟ್ಟವು. ಹೃದಯದಲ್ಲಿ ಕೃತಕ ಕವಾಟ ಇರುವವರಿಗೆ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಬೇಕಾಗಬಹುದು. 'ಪೆನಿಸಿಲಿನ್ ಅಲರ್ಜಿ' ಎಂದು ಬರೆದಿದ್ದರೆ ಆಗ ಆದದ್ದೇನು ಎಂದು ಕೇಳುತ್ತಾರೆ. ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದ್ದಕ್ಕೂ ಬರೀ ಹೊಟ್ಟೆ ಕೆಟ್ಟಿದ್ದಕ್ಕೂ ಅಜಗಜಾಂತರ. ತೂಕ ಇಳಿಸಲು ಅಥವಾ ಸಕ್ಕರೆ ಕಾಯಿಲೆಗೆಂದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ನಂಥ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ. ಉಪವಾಸವಿದ್ದು ಬಂದರೂ ಒಳಗೆ ಆಹಾರ ಉಳಿದಿರಬಹುದಾದ್ದರಿಂದ ಅರಿವಳಿಕೆ ಕೊಡುವವರಿಗೆ ಇದು ತಿಳಿದಿರಲೇಬೇಕು. ಸಿಗರೇಟು, ಮದ್ಯದ ಪ್ರಶ್ನೆ ಬಂದಾಗ ಹಲವರು ಪಕ್ಕದಲ್ಲಿ ಕೂತವರ ಮುಖ ನೋಡಿ ಉತ್ತರಿಸುತ್ತಾರೆ. ವೈದ್ಯರು ನೀತಿಪಾಠ ಹೇಳಲು ಕೇಳುತ್ತಿಲ್ಲ. ಹೊಗೆ ಗಾಯ ಒಣಗುವುದನ್ನು ಕೆಡಿಸುತ್ತದೆ, ಮದ್ಯ ಅರಿವಳಿಕೆಯ ಪ್ರಮಾಣವನ್ನು ಏರುಪೇರು ಮಾಡುತ್ತದೆ. ಮನೆಯವರ ಎದುರು ಹೇಳಲಾಗದಿದ್ದರೆ 'ಎರಡು ನಿಮಿಷ ಒಬ್ಬನೇ ಮಾತಾಡಬೇಕು' ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ನೆನಪಿನಿಂದ ಹೇಳುವ ಬದಲು ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿ ತಂದುಬಿಟ್ಟರೆ ಕೆಲಸ ಹಗುರ.

ಬೆರಳು, ಕನ್ನಡಿ, ಚಿತ್ರ

ತಪಾಸಣೆ ಬಾಯಿಯಿಂದ ಶುರುವಾಗುವುದಿಲ್ಲ. ವೈದ್ಯರು ಮೊದಲು ಎದುರು ನಿಂತು ಮುಖದ ಎರಡೂ ಬದಿ ಸಮವಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಬೆರಳ ತುದಿಗಳಿಂದ ದವಡೆಯ ಕೆಳಗೆ, ಕುತ್ತಿಗೆಯ ಬದಿಯಲ್ಲಿ ಒತ್ತುತ್ತಾ ಹೋಗುತ್ತಾರೆ. ಅಲ್ಲಿ ಸೋಂಕಿನೊಂದಿಗೆ ಹೋರಾಡುವ ದುಗ್ಧರಸ ಗ್ರಂಥಿಗಳಿವೆ. ಸೋಂಕಿದ್ದರೆ ಅವು ಉಬ್ಬಿ ನೋಯುತ್ತವೆ. ನೋವಿಲ್ಲದೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ವೈದ್ಯರು ಕ್ಯಾನ್ಸರ್‌ನ ದಿಕ್ಕಿನಲ್ಲೂ ಯೋಚಿಸಬೇಕಾಗುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿ, ಕೀಲು ಕಟಕಟ ಎನ್ನುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಬಂದರೆ ಬಾಯಿ ಸಾಕಷ್ಟು ತೆರೆಯುತ್ತದೆ ಎಂದು ಅರ್ಥ. ಹಿಂದಿನ ಹಲ್ಲಿನವರೆಗೆ ಉಪಕರಣ ಹೋಗಬೇಕಲ್ಲ.

ನಾಲಿಗೆಯನ್ನು ತೆಳು ಹತ್ತಿಬಟ್ಟೆಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅಂಚುಗಳನ್ನು ನೋಡುವುದು ಕೆಲವರಿಗೆ ಮುಜುಗರ ತರುತ್ತದೆ. ನೀವು ಬಂದಿರುವುದು ಹಲ್ಲಿಗಾದರೂ, ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ನಾಲಿಗೆಯ ಅಂಚು ಮತ್ತು ನಾಲಿಗೆಯಡಿ ಮುಖ್ಯವಾದವು. ತುಟಿ ಮತ್ತು ಗದ್ದವನ್ನು ಹತ್ತಿಯ ಎಳೆಯಿಂದ ಸವರಿ 'ಎರಡೂ ಕಡೆ ಒಂದೇ ಥರ ಗೊತ್ತಾಗುತ್ತಿದೆಯೇ' ಎಂದು ಕೇಳಿದರೆ ಗಮನವಿಟ್ಟು ಉತ್ತರಿಸಿ. ಚಿಕಿತ್ಸೆಯ ನಂತರ ಜೋಮು ಉಳಿದರೆ, ಅದು ಹೊಸದೋ ಹಳೆಯದೋ ಎಂದು ತಿಳಿಯಲು ಆ ದಿನದ ಉತ್ತರವೇ ಆಧಾರ.

ಈಗ ಚಿತ್ರಕ್ಕೆ ಬರೋಣ. ಹಲ್ಲಿನ ಮೊದಲ ಎಕ್ಸ್‌ರೇ ತೆಗೆದದ್ದು ಜರ್ಮನಿಯ ಒಟ್ಟೊ ವಾಲ್ಕಾಫ್, 1896ರ ಜನವರಿಯಲ್ಲಿ. ರಾಂಟ್ಜೆನ್ ಆ ಕಿರಣಗಳನ್ನು ಕಂಡುಹಿಡಿದು ಕೆಲವೇ ವಾರಗಳಾಗಿದ್ದವು. ವಾಲ್ಕಾಫ್ ತನ್ನದೇ ಬಾಯಿಯನ್ನು ಸುಮಾರು 25 ನಿಮಿಷ ಕಿರಣಕ್ಕೊಡ್ಡಿ ಕೂತಿದ್ದರಂತೆ. ಇಂದು ಯಂತ್ರವೊಂದು ತಲೆಯ ಸುತ್ತ ಅರ್ಧ ಸುತ್ತು ಹೊಡೆದು ಕೆಲವೇ ಸೆಕೆಂಡುಗಳಲ್ಲಿ ಎರಡೂ ದವಡೆ, ಎಲ್ಲ ಹಲ್ಲು, ಕೀಲುಗಳನ್ನು ಒಂದೇ ಚಿತ್ರದಲ್ಲಿ ಹಿಡಿದುಕೊಡುತ್ತದೆ. ಓಪಿಜಿ ಎನ್ನುವುದು ಇದಕ್ಕೇ. ನಾವು ಪರಿಸರದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ಸ್ವಾಭಾವಿಕ ವಿಕಿರಣವನ್ನು ಪಡೆಯುತ್ತಲೇ ಇರುತ್ತೇವೆ. ಒಂದು ಓಪಿಜಿಯಿಂದ ತಗಲುವುದು ಅದರಲ್ಲಿ ಕೆಲವು ದಿನಗಳ ಪಾಲಿನಷ್ಟು. ಹಾಗೆಂದು ಸುಮ್ಮಸುಮ್ಮನೆ ತೆಗೆಸಬೇಕಿಲ್ಲ. ಈಚೆಗೆ ತೆಗೆಸಿದ ಚಿತ್ರ ಇದ್ದರೆ ಒಯ್ಯಿರಿ.

ಪರದೆಯ ಮೇಲೆ ಆ ಚಿತ್ರ ಮೂಡಿದಾಗ 'ಎಲ್ಲಿ, ನನಗೂ ತೋರಿಸಿ' ಎಂದು ಕೇಳುವುದು ಒಳ್ಳೆಯದು. ಕೆಳದವಡೆಯೊಳಗೆ ಎರಡು ತೆಳು ಬಿಳಿ ಗೆರೆಗಳು ಜೊತೆಜೊತೆಯಾಗಿ, ಹಿಂದಿನಿಂದ ಮುಂದಕ್ಕೆ ಬಾಗುತ್ತಾ ಸಾಗುವುದು ಕಾಣುತ್ತದೆ. ಅವುಗಳ ನಡುವಿನ ಕೊಳವೆಯಲ್ಲಿರುವುದು ಕೆಳತುಟಿ, ಗದ್ದ ಮತ್ತು ಕೆಳಹಲ್ಲುಗಳ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ನರ. ಬುದ್ಧಿಹಲ್ಲಿನ ಬೇರು ಈ ಗೆರೆಗಳಿಂದ ದೂರವಿದ್ದರೆ ಸಮಾಧಾನ. ಬೇರು ಅವುಗಳ ಮೇಲೆ ಬಂದಿರುವಲ್ಲಿ ಬಿಳಿ ಗೆರೆ ತುಂಡಾಗಿ ಮಾಯವಾಗಿದ್ದರೆ, ಬೇರಿನ ಬಣ್ಣ ಅಲ್ಲಿ ಮಾತ್ರ ಕಪ್ಪಾಗಿದ್ದರೆ, ಕೊಳವೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿದ್ದರೆ ಸರ್ಜನ್ ಹುಬ್ಬು ಗಂಟಿಕ್ಕುತ್ತಾರೆ. ಬೇರು ನರಕ್ಕೆ ತಾಗಿಯೇ ಇರಬಹುದು ಎಂಬುದರ ಸೂಚನೆಗಳಿವು. ಓಪಿಜಿ ಚಪ್ಪಟೆ ಚಿತ್ರವಾದ್ದರಿಂದ ನರ ಬೇರಿನ ಒಳಬದಿಗಿದೆಯೋ ಹೊರಬದಿಗಿದೆಯೋ ಹೇಳದು. ಆಗ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಎಲ್ಲರಿಗೂ ಅದು ಬೇಕಿಲ್ಲ. ಬರೆದುಕೊಟ್ಟರೆ 'ಇದರಿಂದ ನಿಮ್ಮ ತೀರ್ಮಾನದಲ್ಲಿ ಏನು ಬದಲಾಗಬಹುದು' ಎಂದು ಕೇಳಿ. ಒಳ್ಳೆಯ ವೈದ್ಯರ ಬಳಿ ಇದಕ್ಕೆ ನೇರ ಉತ್ತರವಿರುತ್ತದೆ. ನಾಲಿಗೆಯ ಬದಿಯಲ್ಲಿ ಹಾದುಹೋಗುವ ಇನ್ನೊಂದು ನರ ಮಾತ್ರ ಈ ಎರಡರಲ್ಲೂ ಕಾಣುವುದಿಲ್ಲ. ಮೂಳೆಯ ಹೊರಗೆ, ಒಸಡಿನ ಅಡಿಯಲ್ಲಿ ಅದರ ದಾರಿ. ಅಲ್ಲಿ ನೆಚ್ಚಬೇಕಾದದ್ದು ಸರ್ಜನ್‌ರ ಕೈಯನ್ನೇ.

ಅಡ್ಡಡ್ಡ ಮಲಗಿದ ಹಲ್ಲನ್ನು ಇಡಿಯಾಗಿ ಎಳೆದು ತೆಗೆಯುವುದಿಲ್ಲ. ಬಾಗಿಲಲ್ಲಿ ಹಿಡಿಸದ ಮಂಚವನ್ನು ಬಿಚ್ಚಿ ಸಾಗಿಸುವ ಹಾಗೆ, ತಲೆಭಾಗ ಮತ್ತು ಬೇರುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಇದನ್ನು ಮೊದಲೇ ತಿಳಿದವರಿಗೆ ಚಿಕಿತ್ಸೆಯ ದಿನ ಯಂತ್ರದ ಸದ್ದು ಕೇಳಿ ಗಾಬರಿಯಾಗುವುದಿಲ್ಲ.

ತೆಗೆಯಲೇಬೇಕೇ?

ಈ ಪ್ರಶ್ನೆಯನ್ನು ಕೇಳದೆ ಎದ್ದು ಬರಬೇಡಿ. ಹಲ್ಲು ಹುಳುಕಾಗಿದ್ದರೆ, ಪಕ್ಕದ ಹಲ್ಲನ್ನು ಕೆಡಿಸುತ್ತಿದ್ದರೆ, ಸುತ್ತಲ ಒಸಡು ಪದೇಪದೇ ಬಾತು ಕೀವಾಗುತ್ತಿದ್ದರೆ, ಬುಡದಲ್ಲಿ ಗಂಟು ಬೆಳೆದಿದ್ದರೆ ತೆಗೆಯುವುದರಲ್ಲಿ ಎರಡು ಮಾತಿಲ್ಲ. ಹೂತುಹೋಗಿ, ಯಾವ ತೊಂದರೆಯನ್ನೂ ಕೊಡದೆ ತಣ್ಣಗಿರುವ ಹಲ್ಲಿನ ವಿಷಯದಲ್ಲಿ ವೈದ್ಯಲೋಕವೇ ಒಮ್ಮತಕ್ಕೆ ಬಂದಿಲ್ಲ. ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಗೆಂದು ತೆಗೆಯಬಾರದು ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2000ದಲ್ಲೇ ಹೇಳಿತು. ಅಮೆರಿಕದಲ್ಲಿ ಎಳೆಯ ವಯಸ್ಸಿನಲ್ಲೇ ತೆಗೆಸುವುದು ಹೆಚ್ಚು ರೂಢಿಯಲ್ಲಿದೆ. ಎರಡೂ ಕಡೆ ವಾದವಿದೆ. ಸುಮ್ಮನಿರುವ ಹಲ್ಲನ್ನು ತೆಗೆಯಲು ಹೋಗಿ ನರಕ್ಕೆ ಪೆಟ್ಟು ಮಾಡಿಕೊಳ್ಳುವುದೇಕೆ ಎಂಬುದು ಒಂದು. ವಯಸ್ಸಾದಂತೆ ಬೇರು ಪೂರ್ತಿ ಬೆಳೆದು, ಮೂಳೆ ಬಿಗಿಯಾಗಿ, ಚೇತರಿಕೆ ನಿಧಾನವಾಗುತ್ತದೆ, ಕಾದರೆ ಅದೇ ಕೆಲಸ ಕಷ್ಟವಾಗುತ್ತದೆ ಎಂಬುದು ಇನ್ನೊಂದು. ನನಗೆ ಮೊದಲನೆಯದೇ ಸರಿ ಎನಿಸುತ್ತದೆ. ಆದರೆ ಕಾದು ನೋಡುವುದೆಂದರೆ ಮರೆತುಬಿಡುವುದು ಎಂದುಕೊಳ್ಳಬಾರದು. ಕಾಲಕಾಲಕ್ಕೆ ತೋರಿಸಿ, ಬೇಕಾದಾಗ ಎಕ್ಸ್‌ರೇ ತೆಗೆಸಬೇಕು. ಬುದ್ಧಿಹಲ್ಲು ತಳ್ಳುವುದರಿಂದ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ ಎಂಬ ನಂಬಿಕೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ತೆಗೆಸಲು ಅದೊಂದೇ ಕಾರಣ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೇಲು.

ಬೇರು ನರಕ್ಕೆ ಅಂಟಿಕೊಂಡಂತಿದ್ದರೆ ಮೂರನೆಯ ದಾರಿಯೂ ಇದೆ. ಹಲ್ಲಿನ ತಲೆಭಾಗವನ್ನಷ್ಟೇ ಕತ್ತರಿಸಿ ತೆಗೆದು, ಬೇರನ್ನು ಅಲ್ಲೇ ಬಿಟ್ಟು ಒಸಡು ಹೊಲಿಯುವುದು. ಇದಕ್ಕೆ ಕೊರೊನೆಕ್ಟಮಿ ಎನ್ನುತ್ತಾರೆ. ನರಕ್ಕೆ ಅಪಾಯ ತಗ್ಗುತ್ತದೆ. ಬೇರು ನಿಧಾನವಾಗಿ ಮೇಲೆ ಸರಿದು ಮುಂದೊಂದು ದಿನ ಮತ್ತೊಂದು ಸಣ್ಣ ಚಿಕಿತ್ಸೆ ಬೇಕಾಗಬಹುದು ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಇಂಪ್ಲಾಂಟ್‌ಗೆಂದು ಹೋದವರಿಗೆ ಮಾತು ಮೂಳೆಯ ಎತ್ತರ, ಅಗಲದ ಸುತ್ತಲೇ ಸುತ್ತುತ್ತದೆ. ಟೈಟಾನಿಯಂ ತಿರುಪು ಮೂಳೆಯೊಂದಿಗೆ ಬೆಸೆದುಕೊಳ್ಳಲು ತಿಂಗಳುಗಳೇ ಬೇಕು, ಮೂಳೆ ತೆಳುವಾಗಿದ್ದರೆ ಮೊದಲು ಮೂಳೆ ಸೇರಿಸಬೇಕು. ಹಾಗಾಗಿ ಮೊದಲ ಭೇಟಿಯಲ್ಲೇ 'ಯಾವತ್ತು ಹೊಸ ಹಲ್ಲು' ಎಂಬುದಕ್ಕೆ ಖಚಿತ ತಾರೀಕು ಸಿಗಲಾರದು. ಎರಡು ಮೂರು ವಾರವಾದರೂ ಮಾಯದ ಹುಣ್ಣು ತೋರಿಸಲು ಹೋದವರಿಗೆ ಬಯಾಪ್ಸಿ ಎಂದ ಕೂಡಲೇ ಕೈಕಾಲು ತಣ್ಣಗಾಗುತ್ತದೆ. ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು. ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಲೂ ಅದನ್ನೇ ಮಾಡಬೇಕು.

ಎಚ್ಚರವಿರಬೇಕೇ, ನಿದ್ದೆಯೇ?

ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಬಹುತೇಕರಿಗೆ ಸಾಕಾಗುತ್ತದೆ. ಅದರಿಂದ ನೋವು ಹೋಗುತ್ತದೆ, ಒತ್ತಡ ಹೋಗುವುದಿಲ್ಲ. ತಳ್ಳಿದ್ದು, ಜಗ್ಗಿದ್ದು, ಕರಕರ ಎಂದದ್ದು ಎಲ್ಲವೂ ತಿಳಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ 'ಚುಚ್ಚುಮದ್ದು ಕೆಲಸ ಮಾಡಿಲ್ಲ' ಎಂದು ರೋಗಿ ಹೆದರುತ್ತಾನೆ. ತುಂಬ ಭಯವಿದ್ದರೆ ರಕ್ತನಾಳದ ಮೂಲಕ ಮಂಪರು ಬರುವ ಔಷಧಿ ಕೊಡಬಹುದು. ಕರೆದರೆ ಓಗೊಡುತ್ತೀರಿ, ಆದರೆ ನಡೆದದ್ದು ಆಮೇಲೆ ಅಷ್ಟಾಗಿ ನೆನಪಿರುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸುವುದು ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ. ಮಂಪರು ಅಥವಾ ಪೂರ್ತಿ ಅರಿವಳಿಕೆ ಎಂದಾದರೆ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂದು ಕೇಳುತ್ತಾರೆ, ಬಾಯಿ ತೆರೆದು ನಾಲಿಗೆ ಚಾಚಿಸಿ ಗಂಟಲು ಎಷ್ಟು ಕಾಣುತ್ತದೆ ಎಂದು ನೋಡುತ್ತಾರೆ. ಲಘು ಆಹಾರಕ್ಕೆ ಕನಿಷ್ಠ 6 ಗಂಟೆ, ಬರೀ ನೀರಿಗೆ 2 ಗಂಟೆ ಅಂತರವಿರಬೇಕು ಎಂಬುದು ಸಾಮಾನ್ಯ ನಿಯಮ. ನಿಮಗೆ ಹೇಳಿದ್ದು ಇದಕ್ಕಿಂತ ಕಟ್ಟುನಿಟ್ಟಾಗಿದ್ದರೆ ಅದನ್ನೇ ಪಾಲಿಸಿ. ವಾಪಸು ಕರೆದೊಯ್ಯಲು ಜವಾಬ್ದಾರಿಯುತ ವಯಸ್ಕರೊಬ್ಬರು ಬೇಕು, ಆ ದಿನ ವಾಹನ ಓಡಿಸುವಂತಿಲ್ಲ.

ಸಹಿ ಹಾಕುವ ಮುನ್ನ

ಒಪ್ಪಿಗೆ ಪತ್ರದ ಪಟ್ಟಿ ಓದಿದರೆ ಯಾರಿಗಾದರೂ ಓಡಿಹೋಗೋಣ ಎನಿಸುತ್ತದೆ. ಅದರಲ್ಲಿ ಖಂಡಿತ ಆಗುವುದನ್ನೂ ಅಪರೂಪಕ್ಕೆ ಆಗುವುದನ್ನೂ ಬೇರ್ಪಡಿಸಿ ನೋಡಬೇಕು. ಕೆಳಗಿನ ಬುದ್ಧಿಹಲ್ಲು ತೆಗೆದರೆ ಊತ, ಬಾಯಿ ಬಿಗಿತ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಊತ ಎರಡು-ಮೂರನೆಯ ದಿನ ಉಚ್ಛ್ರಾಯಕ್ಕೆ ಹೋಗುತ್ತದೆ, ಕಚೇರಿಗೆ ರಜೆ ಹಾಕುವಾಗ ಈ ಲೆಕ್ಕ ಇರಲಿ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಮೂಳೆ ಬಯಲಾದರೆ, ಇಳಿಯುತ್ತಿದ್ದ ನೋವು ಮೂರನೆಯ ದಿನದ ಸುಮಾರಿಗೆ ಇಮ್ಮಡಿಯಾಗಿ ತಿರುಗಿ ಬರುತ್ತದೆ. ಡ್ರೈ ಸಾಕೆಟ್ ಎಂಬ ಈ ತೊಂದರೆ ಸಾಧಾರಣ ಹಲ್ಲುಗಳಲ್ಲಿ ಶೇ. 2ರಿಂದ 5ರಷ್ಟು, ಕೆಳಗಿನ ಬುದ್ಧಿಹಲ್ಲುಗಳಲ್ಲಿ ಅದಕ್ಕಿಂತ ಹೆಚ್ಚು. ತುಟಿಯಲ್ಲಿ ಶಾಶ್ವತವಾಗಿ ಜೋಮು ಉಳಿಯುವುದು ಶೇ. 1ಕ್ಕಿಂತ ಕಡಿಮೆ. ಮೇಲಿನ ಹಿಂಬದಿ ಹಲ್ಲಾದರೆ ಬೇರಿನ ನೆತ್ತಿಯಲ್ಲೇ ಸೈನಸ್ ಎಂಬ ಗಾಳಿ ತುಂಬಿದ ಪೊಟರೆ ಇರುವುದರಿಂದ, ಬಾಯಿಗೂ ಮೂಗಿಗೂ ದಾರಿಯಾಗುವ ಸಾಧ್ಯತೆಯಿದೆ. ಸಣ್ಣದಾದರೆ ತಾನೇ ಮುಚ್ಚಿಕೊಳ್ಳುತ್ತದೆ.

ಶೇಕಡಾ ಲೆಕ್ಕ ಎಲ್ಲರಿಗೂ ಒಂದೇ ತೂಕದ್ದಲ್ಲ. ಕೊಳಲು ನುಡಿಸುವವರಿಗೆ ತುಟಿಯ ಜೋಮು, ಅಡುಗೆ ವೃತ್ತಿಯವರಿಗೆ ನಾಲಿಗೆಯ ರುಚಿ ಕೆಡುವುದು ಜೀವನೋಪಾಯದ ಪ್ರಶ್ನೆ. ರೋಗಿಯ ಸ್ಥಾನದಲ್ಲಿರುವ ವ್ಯಕ್ತಿಗೆ ಯಾವ ಅಪಾಯ ಮುಖ್ಯವೆನಿಸುತ್ತದೋ ಅದನ್ನು ವೈದ್ಯರು ತಿಳಿಸಲೇಬೇಕು ಎಂದು 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ನೀವು ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರಿಗೆ ಕನಸು ಬೀಳುವುದಿಲ್ಲವಲ್ಲ, ನೀವೇ ಹೇಳಬೇಕು. ಈ ಚಿಕಿತ್ಸೆಯನ್ನು ಅವರು ಎಷ್ಟು ಸಲ ಮಾಡಿದ್ದಾರೆ, ಮಾಡುವವರು ಅವರೇನಾ ಅಥವಾ ಕಲಿಯುತ್ತಿರುವವರಾ, ರಾತ್ರಿ ರಕ್ತ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳುವುದು ಅವಿಧೇಯತೆಯಲ್ಲ. ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ. ಸ್ಕ್ಯಾನ್, ಅರಿವಳಿಕೆ ತಜ್ಞರು, ಪ್ರಯೋಗಾಲಯ, ಹೊಲಿಗೆ ಬಿಚ್ಚುವ ಭೇಟಿ ಇವೆಲ್ಲ ಅದರಲ್ಲಿ ಸೇರಿವೆಯೇ ನೋಡಿ. ತುರ್ತಿಲ್ಲದಿದ್ದರೆ ಅಲ್ಲೇ ಸಹಿ ಹಾಕಬೇಕಿಲ್ಲ. ಪತ್ರವನ್ನು ಮನೆಗೆ ಒಯ್ದು ಓದಿ ಬರುತ್ತೇನೆ ಎಂದರೆ ಬೇಸರಿಸಿಕೊಳ್ಳುವ ವೈದ್ಯರ ಬಗ್ಗೆ ನೀವೇ ಎರಡು ಸಲ ಯೋಚಿಸುವುದು ಒಳಿತು.

ಭೇಟಿಗೆ ತಾರೀಕು ಕೆಲವೊಮ್ಮೆ ವಾರಗಟ್ಟಲೆ ಮುಂದಕ್ಕೆ ಸಿಗುತ್ತದೆ. ಆ ನಡುವೆ ಜ್ವರ ಬಂದು, ಮುಖದ ಅಥವಾ ದವಡೆಯಡಿಯ ಊತ ಗಂಟೆಗಂಟೆಗೂ ಏರುತ್ತಾ, ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ, ನಾಲಿಗೆ ಮೇಲಕ್ಕೆ ತಳ್ಳಿದಂತಾಗಿ, ಉಸಿರಾಟಕ್ಕೆ ತೊಡಕಾದರೆ ಆ ತಾರೀಕಿನವರೆಗೆ ಕಾಯಬಾರದು. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಹಲ್ಲಿನ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಮಾತ್ರೆಗಳ ಚೀಲವೂ ಎಕ್ಸ್‌ರೇಯೂ ಜೊತೆಗಿರಲಿ.